ಮೂರೂವರೆ ವರ್ಷದ ಮಗ ಮತ್ತೆ ಚಡ್ಡಿಯಲ್ಲೇ ಮಾಡಿಕೊಳ್ಳುತ್ತಿದ್ದಾನೆ, ಮಲವೂ ಕಟ್ಟುತ್ತಿದೆ: ಮೊದಲು ಯಾವುದಕ್ಕೆ ಗಮನ ಕೊಡಬೇಕು?

ಪ್ರಶ್ನೆ ಕೇಳಿದವರು: ತಾಯಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಮೂರೂವರೆ ವರ್ಷ. ಎರಡೂವರೆ ತುಂಬುವ ಹೊತ್ತಿಗೇ ಅವನು ಹಗಲಿನಲ್ಲಿ ಡೈಪರ್ ಇಲ್ಲದೆ ಇರುವುದನ್ನು ಕಲಿತಿದ್ದ. ಒಂದಕ್ಕೂ ಎರಡಕ್ಕೂ ತಾನಾಗಿಯೇ ಹೇಳಿ ಹೋಗುತ್ತಿದ್ದ. ಜೂನ್ ತಿಂಗಳಿನಲ್ಲಿ ಶಾಲೆಗೆ ಸೇರಿಸಿದೆವು. ಅದೇ ಸುಮಾರಿಗೆ ಜ್ವರ ಬಂದು, ಊಟ ಬಿಟ್ಟು, ಮಲ ಕಲ್ಲಿನಂತಾಗಿ, ಹೊರಗೆ ಹೋಗುವಾಗ ನೋವಾಗಿ ಸ್ವಲ್ಪ ರಕ್ತವೂ ಕಾಣಿಸಿತು. ಅಂದಿನಿಂದ ಬಚ್ಚಲಿನ ಕಡೆಗೆ ಕರೆದರೆ ಸಾಕು, ಅಳುತ್ತಾನೆ. ಮೂರು ನಾಲ್ಕು ದಿನ ಹೋಗುವುದೇ ಇಲ್ಲ. ಸೋಫಾದ ಹಿಂದೆ ನಿಂತು, ಕಾಲುಗಳನ್ನು ಒಂದಕ್ಕೊಂದು ಬಿಗಿಯಾಗಿ ಹೆಣೆದು, ಮುಖ ಕೆಂಪಗೆ ಮಾಡಿಕೊಂಡು ಮುಕ್ಕುತ್ತಾನೆ. ಇದರ ನಡುವೆ ದಿನಕ್ಕೆ ಹಲವು ಸಲ ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ತೆಳ್ಳಗಿನ ಮಲ ಹತ್ತಿಕೊಂಡಿರುತ್ತದೆ, ಕೇಳಿದರೆ ತನಗೆ ಗೊತ್ತೇ ಆಗಲಿಲ್ಲ ಎನ್ನುತ್ತಾನೆ.

ಶಾಲೆಯಿಂದ ಹೆಚ್ಚುವರಿ ಬಟ್ಟೆ ಕಳುಹಿಸಿ ಎಂದು ಹೇಳುತ್ತಿದ್ದಾರೆ. ಮನೆಯಲ್ಲಿ ಒಬ್ಬರು ಇದು ಭೇದಿ ಎನ್ನುತ್ತಾರೆ, ಇನ್ನೊಬ್ಬರು ಹಟ ಎನ್ನುತ್ತಾರೆ, ಮತ್ತೊಬ್ಬರು ಜಂತುಹುಳು ಎನ್ನುತ್ತಾರೆ. ಶೌಚದ ಅಭ್ಯಾಸವನ್ನು ಮೊದಲಿನಿಂದ ಮತ್ತೆ ಕಲಿಸಬೇಕೇ, ಅಥವಾ ಮಲಬದ್ಧತೆಯನ್ನು ಮೊದಲು ಸರಿಪಡಿಸಬೇಕೇ? ಈ ದಾರಿಯಲ್ಲಿ ನಡೆದು ಬಂದವರು ದಯವಿಟ್ಟು ತಿಳಿಸಿ.

ತಾಯಿ, ಶಿವಮೊಗ್ಗ

ನಿಮ್ಮ ಮಗ ಮುಕ್ಕುತ್ತಿಲ್ಲ, ತಡೆದು ಹಿಡಿಯುತ್ತಿದ್ದಾನೆ. ನನ್ನ ಮಗಳಲ್ಲಿ ಇದನ್ನೇ ಕಂಡಿದ್ದೇನೆ, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಅವಳು ತುದಿಗಾಲಿನಲ್ಲಿ ನಿಂತು, ಮೈಯನ್ನು ಸೆಟೆಸಿ, ಕಿಟಕಿಯ ಪರದೆಯ ಹಿಂದೆ ಅವಿತುಕೊಳ್ಳುತ್ತಿದ್ದಳು. ನೋಡುವವರಿಗೆ ಪಾಪ, ಮಗು ಕಷ್ಟಪಟ್ಟು ಹೋಗಲು ಪ್ರಯತ್ನಿಸುತ್ತಿದೆ ಎಂದೇ ತೋರುತ್ತದೆ. ವಾಸ್ತವದಲ್ಲಿ ಅದು ಹೊರಗೆ ಬರುತ್ತಿರುವುದನ್ನು ಒಳಕ್ಕೆ ತಳ್ಳುವ ಪ್ರಯತ್ನ. ಒಮ್ಮೆ ನೋವಾದ ಮಗು ಮತ್ತೆ ಆ ನೋವು ಬಾರದಿರಲಿ ಎಂದು ತನಗೆ ತಿಳಿದ ಒಂದೇ ಉಪಾಯವನ್ನು ಮಾಡುತ್ತದೆ. ಇದರಲ್ಲಿ ಹಟವಿಲ್ಲ, ಭಯವಿದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಮಲ ಮೆತ್ತಗಾಗಿ, ನೋವಿಲ್ಲದೆ ಹೋಗುವುದು ಅಭ್ಯಾಸವಾಗುವವರೆಗೆ ಕಲಿಸುವ ಮಾತನ್ನೇ ಬದಿಗಿಡಿ. ಚಡ್ಡಿ ಕೊಳೆಯಾದರೆ ಮಾತಿಲ್ಲದೆ ತೊಳೆದು ಬದಲಿಸಿ. ಮನೆಯವರೆಲ್ಲರಿಗೂ ಇದನ್ನು ಕೂರಿಸಿ ಹೇಳಿ, ಏಕೆಂದರೆ ತಾಯಿ ಸುಮ್ಮನಿದ್ದು ಉಳಿದವರು ಛೀ ಎಂದು ಮೂಗು ಮುಚ್ಚಿಕೊಂಡರೆ ಮಗು ಅದನ್ನೇ ನೆನಪಿಟ್ಟುಕೊಳ್ಳುತ್ತದೆ.

ಅಜ್ಜಿ, ಧಾರವಾಡ

ನಮ್ಮ ಕಾಲದಲ್ಲಿ ಹಸುಗೂಸನ್ನು ಎರಡೂ ಪಾದಗಳ ಮೇಲೆ ಕೂರಿಸಿಕೊಂಡು ಹೊತ್ತು ಹೊತ್ತಿಗೆ ಮಾಡಿಸುತ್ತಿದ್ದೆವು. ಮಕ್ಕಳಿಗೆ ಹೊತ್ತು ತಪ್ಪುತ್ತಿರಲಿಲ್ಲ. ಈಗ ಡೈಪರ್ ಇರುವುದರಿಂದ ಮಗುವಿಗೂ ಹೊತ್ತು ತಿಳಿಯುವುದಿಲ್ಲ, ತಾಯಿಗೂ ತಿಳಿಯುವುದಿಲ್ಲ. ಹೊಟ್ಟೆ ಕಟ್ಟಿದರೆ ವೀಳ್ಯದೆಲೆಯ ತೊಟ್ಟಿಗೆ ಹರಳೆಣ್ಣೆ ಸವರಿ ಇಡುತ್ತಿದ್ದೆವು, ಕೂಡಲೇ ಆಗಿಬಿಡುತ್ತಿತ್ತು. ರಾತ್ರಿ ನೆನೆಸಿದ ಒಣದ್ರಾಕ್ಷಿಯನ್ನು ಬೆಳಿಗ್ಗೆ ಕಿವುಚಿ ಕುಡಿಸಿ, ಜೋಳದ ರೊಟ್ಟಿಯನ್ನು ಹೆಸರುಕಾಳಿನ ಪಲ್ಯದಲ್ಲಿ ನೆನೆಸಿ ತಿನ್ನಿಸಿ. ಬಿಸ್ಕತ್ತು, ಬ್ರೆಡ್ಡು ಕೊಡುವುದನ್ನು ನಿಲ್ಲಿಸಿ. ಮಗುವನ್ನು ಬೈಯಬೇಡಿ ಎಂಬ ಮಾತನ್ನು ನಾನೂ ಒಪ್ಪುತ್ತೇನೆ.

ಶಿಶುವೈದ್ಯೆ, ಮೈಸೂರು

ಅಮ್ಮನವರು ಹೇಳಿದ ಒಣದ್ರಾಕ್ಷಿ, ರೊಟ್ಟಿ, ಕಾಳು ಇವೆಲ್ಲ ಒಳ್ಳೆಯ ಸಲಹೆಗಳು. ಹೊತ್ತಿಗೆ ಸರಿಯಾಗಿ ಕೂರಿಸುವ ಪದ್ಧತಿಯಲ್ಲಿಯೂ ಬಹಳ ಅರ್ಥವಿದೆ. ಆದರೆ ವೀಳ್ಯದೆಲೆಯ ತೊಟ್ಟು, ಸೋಪಿನ ಚೂರು, ಬೆರಳು ಇವುಗಳನ್ನು ಗುದದ್ವಾರಕ್ಕೆ ಇಡುವುದನ್ನು ಈ ಮಗುವಿನ ವಿಷಯದಲ್ಲಿ ಖಂಡಿತ ಮಾಡಬೇಡಿ. ಅಲ್ಲಿ ಈಗಾಗಲೇ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು. ಸೋಪು ಆ ಚರ್ಮವನ್ನು ಇನ್ನಷ್ಟು ಉರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಿಂಭಾಗಕ್ಕೆ ಯಾರೋ ಕೈ ಹಾಕುತ್ತಾರೆ ಎಂಬ ಹೆದರಿಕೆ ಸೇರಿಕೊಂಡರೆ ತಡೆದು ಹಿಡಿಯುವ ಅಭ್ಯಾಸ ಗಟ್ಟಿಯಾಗುತ್ತದೆ. ಹರಳೆಣ್ಣೆಯನ್ನು ಕುಡಿಸುವುದೂ ಬೇಡ. ಅದು ಕರುಳನ್ನು ಹಿಂಡಿ ನೋವು ತರುತ್ತದೆ.

ಒಳಗೆ ಏನು ನಡೆಯುತ್ತಿದೆ ಎಂಬುದು ಮನೆಯ ಎಲ್ಲರಿಗೂ ತಿಳಿದರೆ ಅರ್ಧ ಜಗಳ ಮುಗಿಯುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ದೊಡ್ಡ ಕರುಳಿನ ಕೊನೆಯ ಭಾಗವಾದ ಗುದನಾಳ ಸಾಮಾನ್ಯವಾಗಿ ಖಾಲಿ ಇರುತ್ತದೆ. ಮಲ ಅಲ್ಲಿಗೆ ಇಳಿದಾಗ ಅದರ ಗೋಡೆ ಹಿಗ್ಗಿ, ಹೋಗಬೇಕೆಂಬ ಅರಿವು ಮೂಡುತ್ತದೆ. ಮಗು ಆ ಅರಿವನ್ನು ತಡೆದರೆ ಮಲ ಅಲ್ಲಿಯೇ ಉಳಿದು, ಕರುಳು ಅದರ ನೀರನ್ನು ಹೀರುತ್ತಲೇ ಹೋಗಿ, ಅದು ಇನ್ನಷ್ಟು ಗಟ್ಟಿಯೂ ದಪ್ಪವೂ ಆಗುತ್ತದೆ. ಮುಂದಿನ ಸಲ ಇನ್ನೂ ಹೆಚ್ಚು ನೋವು, ಅದರಿಂದ ಇನ್ನೂ ಹೆಚ್ಚು ತಡೆ. ವಾರಗಟ್ಟಲೆ ಹೀಗೆ ನಡೆದರೆ ಗುದನಾಳ ಬಹಳ ಬಳಸಿದ ಎಲಾಸ್ಟಿಕ್ಕಿನಂತೆ ಸಡಿಲವಾಗಿ, ಸಣ್ಣ ಪ್ರಮಾಣದ ಮಲ ಬಂದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಮೇಲಿನಿಂದ ಬರುವ ತೆಳುವಾದ ಮಲ ಗಟ್ಟಿ ಗಡ್ಡೆಯ ಪಕ್ಕದಿಂದ ಜಾರಿ ಚಡ್ಡಿಗೆ ಸೋರುತ್ತದೆ. ನಿಮ್ಮ ಮಗ ಗೊತ್ತಾಗಲಿಲ್ಲ ಎಂದು ಹೇಳುವುದು ಅಕ್ಷರಶಃ ನಿಜ. ಇದನ್ನು ಭೇದಿ ಎಂದು ಭಾವಿಸಿ ಭೇದಿ ನಿಲ್ಲಿಸುವ ಔಷಧಿ ಕೊಟ್ಟರೆ ಸ್ಥಿತಿ ಬಿಗಡಾಯಿಸುತ್ತದೆ. ಜಂತುಹುಳುವಿಗೆ ಕೊಡುವ ಮಾತ್ರೆಯನ್ನು ಫೆಬ್ರವರಿ 10 ಮತ್ತು ಆಗಸ್ಟ್ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಕಾರ್ಯಕ್ರಮದ ಸಮಯದಲ್ಲಿ ಕೊಡಿಸಿ, ಅದು ಬೇರೆ ಕಾರಣಕ್ಕೆ ಬೇಕು; ಆದರೆ ಈ ತೊಂದರೆ ಅದರಿಂದ ಕಳೆಯುವುದಿಲ್ಲ.

ಚಿಕಿತ್ಸೆಯಲ್ಲಿ ಎರಡು ಹಂತಗಳಿವೆ. ಮೊದಲನೆಯದು ಒಳಗೆ ಕೂಡಿಕೊಂಡಿರುವುದನ್ನು ಪೂರ್ತಿ ಖಾಲಿ ಮಾಡುವುದು. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿಯನ್ನು ನೀರಿನಲ್ಲಿ ಕಲಸಿ ಹೆಚ್ಚಿನ ಪ್ರಮಾಣದಲ್ಲಿ ಸಾಮಾನ್ಯವಾಗಿ 3ರಿಂದ 6 ದಿನ ಬಾಯಿಯ ಮೂಲಕವೇ ಕೊಡುತ್ತೇವೆ. ಬಹುತೇಕ ಮಕ್ಕಳಿಗೆ ಎನಿಮಾ ಬೇಕಾಗುವುದಿಲ್ಲ. ಈ ದಿನಗಳಲ್ಲಿ ಚಡ್ಡಿ ಹೆಚ್ಚು ಕೊಳೆಯಾಗುತ್ತದೆ, ಗಾಬರಿಯಾಗಬೇಡಿ. ಶಾಲೆಗೆ ರಜೆ ಇರುವಾಗ ಇದನ್ನು ಆರಂಭಿಸುವುದು ಒಳ್ಳೆಯದು. ಎರಡನೆಯದು ಕಡಿಮೆ ಪ್ರಮಾಣದಲ್ಲಿ ದಿನವೂ ಕೊಡುತ್ತಾ ಮಲವನ್ನು ಮೆತ್ತಗೆ ಇರಿಸುವುದು. ಇದು ಕನಿಷ್ಠ 2 ತಿಂಗಳು ನಡೆಯಬೇಕು, ಅನೇಕರಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಪ್ರಮಾಣವನ್ನು ಮಗುವಿನ ತೂಕ ನೋಡಿ ನಿಮ್ಮ ವೈದ್ಯರೇ ನಿರ್ಧರಿಸಬೇಕು, ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ಮೊದಲ ಹಂತವನ್ನು ಬಿಟ್ಟು ನೇರವಾಗಿ ಎರಡನೆಯದಕ್ಕೆ ಹೋದರೆ ಗಡ್ಡೆ ಅಲ್ಲೇ ಉಳಿದು ಸೋರುವಿಕೆ ಮಾತ್ರ ಹೆಚ್ಚುತ್ತದೆ. ಔಷಧಿ ಕೆಲಸ ಮಾಡಲಿಲ್ಲ ಎಂದು ಪೋಷಕರು ನಿಲ್ಲಿಸುವುದು ಹೆಚ್ಚಾಗಿ ಇಲ್ಲಿಯೇ.

ಕೆಲವು ಲಕ್ಷಣಗಳಿದ್ದರೆ ಮಾತ್ರ ಬೇರೆ ಕಾರಣ ಹುಡುಕಬೇಕಾಗುತ್ತದೆ: ಹುಟ್ಟಿದ ಮೊದಲ 48 ಗಂಟೆಯೊಳಗೆ ಕಪ್ಪು ಮಲ ಹೋಗದೆ ಇದ್ದದ್ದು, ಮೊದಲ ತಿಂಗಳಿನಲ್ಲಿಯೇ ಮಲಬದ್ಧತೆ ಶುರುವಾದದ್ದು, ಹೊಟ್ಟೆ ಉಬ್ಬಿ ಹಸಿರು ವಾಂತಿಯಾಗುವುದು, ತೂಕ ಏರದಿರುವುದು, ಕಾಲುಗಳಲ್ಲಿ ಬಲಹೀನತೆ, ಬೆನ್ನಿನ ಕೆಳಭಾಗದಲ್ಲಿ ಕುಳಿ ಅಥವಾ ಕೂದಲ ಗೊಂಚಲು. ಇವುಗಳಲ್ಲಿ ಯಾವುದಾದರೂ ಇದ್ದರೆ ತಡಮಾಡದೆ ತೋರಿಸಿ. ನೀವು ಬರೆದದ್ದರಲ್ಲಿ ಇವು ಕಾಣುತ್ತಿಲ್ಲ, ಆದರೂ ರಕ್ತ ಕಂಡದ್ದರಿಂದ ಒಮ್ಮೆ ಹೊಟ್ಟೆ ಮತ್ತು ಗುದದ್ವಾರವನ್ನು ಪರೀಕ್ಷೆ ಮಾಡಿಸುವುದು ಅಗತ್ಯ.

ತಂದೆ, ಹುಬ್ಬಳ್ಳಿ

ಡಾಕ್ಟರೇ, ಒಂದು ಸಂದೇಹ. ನಮ್ಮ ಮಗಳಿಗೂ ಇದೇ ಪುಡಿಯನ್ನು ಬರೆದುಕೊಟ್ಟಿದ್ದಾರೆ. ಇಷ್ಟು ಚಿಕ್ಕ ವಯಸ್ಸಿನಲ್ಲಿ ತಿಂಗಳುಗಟ್ಟಲೆ ಕೊಟ್ಟರೆ ಕರುಳು ಅದಕ್ಕೇ ಒಗ್ಗಿಹೋಗಿ, ಮುಂದೆ ಔಷಧಿ ಇಲ್ಲದೆ ಹೋಗಲಾರದಂತೆ ಆಗುವುದಿಲ್ಲವೇ? ಹಣ್ಣು, ತರಕಾರಿ, ನೀರು ಇವುಗಳಿಂದಲೇ ಸರಿಪಡಿಸಬಾರದೇ?

ಶಿಶುವೈದ್ಯೆ, ಮೈಸೂರು

ಸರ್, ಈ ಭಯದಿಂದಲೇ ಎಷ್ಟೋ ಮನೆಗಳಲ್ಲಿ ಔಷಧಿ ಎರಡನೆಯ ವಾರಕ್ಕೆ ನಿಲ್ಲುತ್ತದೆ ಮತ್ತು ಮಗು ಮೂರನೆಯ ವಾರಕ್ಕೆ ಮೊದಲಿನ ಸ್ಥಿತಿಗೆ ಮರಳುತ್ತದೆ, ಆದ್ದರಿಂದ ಕೇಳಿದ್ದು ಒಳ್ಳೆಯದಾಯಿತು. ಈ ಪುಡಿ ಮತ್ತು ಲ್ಯಾಕ್ಟುಲೋಸ್ ಸಿರಪ್ ಕರುಳನ್ನು ಹಿಂಡುವುದಿಲ್ಲ. ಮಲದೊಳಗೆ ನೀರನ್ನು ಹಿಡಿದಿಟ್ಟು ಅದನ್ನು ಮೆತ್ತಗಾಗಿಸುತ್ತವೆ, ಅಷ್ಟೇ. ಪುಡಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಇವುಗಳಿಂದ ಕರುಳು ಸೋಮಾರಿಯಾಗುವುದಿಲ್ಲ. ಸದಾ ಹಿಗ್ಗಿಕೊಂಡಿದ್ದ ಗುದನಾಳ ತನ್ನ ಗಾತ್ರಕ್ಕೂ ಸಂವೇದನೆಗೂ ಮರಳಲು ಬೇಕಾದ ಕಾಲಾವಕಾಶವನ್ನು ಇವು ಒದಗಿಸುತ್ತವೆ. ಹಠಾತ್ತನೆ ನಿಲ್ಲಿಸದೆ, ಕನಿಷ್ಠ ಒಂದು ತಿಂಗಳು ಯಾವ ತೊಂದರೆಯೂ ಇಲ್ಲದೆ ಕಳೆದ ಮೇಲೆ ನಿಧಾನವಾಗಿ ಇಳಿಸಬೇಕು. ಶೌಚ ಕಲಿಯುತ್ತಿರುವ ಮಕ್ಕಳಲ್ಲಿ ಆ ಕಲಿಕೆ ಪೂರ್ತಿಯಾಗುವವರೆಗೆ ಮುಂದುವರಿಸುವುದು ಕ್ರಮ. ಭಾರತೀಯ ಶಿಶುವೈದ್ಯರ ತಜ್ಞ ಸಮಿತಿ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಔಷಧಿಯನ್ನು ಬೇಗ ನಿಲ್ಲಿಸಬಾರದೆಂದೇ ಹೇಳುತ್ತದೆ.

ಆಹಾರದ ವಿಷಯ. ನಾರಿನಂಶಕ್ಕೆ ನಾವು ಬಳಸುವ ಸುಲಭ ಲೆಕ್ಕವೆಂದರೆ ಮಗುವಿನ ವಯಸ್ಸಿಗೆ 5 ಸೇರಿಸಿ ಅಷ್ಟು ಗ್ರಾಂ. ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 8 ಗ್ರಾಂ. ಸಿಪ್ಪೆ ಸಹಿತ ಸೀಬೆಹಣ್ಣು, ಪಪ್ಪಾಯಿ, ಬಸ್ಸಾರಿನ ಸೊಪ್ಪು ಕಾಳು, ರಾಗಿ ಮುದ್ದೆ ಇವುಗಳಿಂದ ಅದನ್ನು ತಲುಪಬಹುದು. ಹಾಲನ್ನು ದಿನಕ್ಕೆ ಅರ್ಧ ಲೀಟರಿನೊಳಗೆ ಇಡಿ. ನಮ್ಮಲ್ಲಿ ಊಟ ಮಾಡದ ಮಗುವಿಗೆ ಹಾಲನ್ನಾದರೂ ಕುಡಿಯಲಿ ಎಂದು ಲೋಟದ ಮೇಲೆ ಲೋಟ ಕೊಡುವುದುಂಟು. ಹಾಲಿನಲ್ಲಿ ನಾರಿಲ್ಲ, ಹೊಟ್ಟೆ ತುಂಬಿಸಿ ಹಸಿವನ್ನು ಕೊಲ್ಲುತ್ತದೆ, ಕಬ್ಬಿಣದ ಅಂಶವೂ ಕುಗ್ಗುತ್ತದೆ. ಆದರೆ ಈಗಾಗಲೇ ತಡೆದು ಹಿಡಿಯುತ್ತಿರುವ ಮಗುವಿನ ಗಟ್ಟಿ ಗಡ್ಡೆಯನ್ನು ಹಣ್ಣು ನೀರುಗಳಷ್ಟೇ ಕರಗಿಸಲಾರವು. ಒಳಗೆ ತುಂಬಿಕೊಂಡಿರುವಾಗ ನಾರನ್ನು ಒತ್ತಾಯದಿಂದ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುವುದೂ ಉಂಟು. ಬಾಯಾರಿಕೆಗೆ ತಕ್ಕಷ್ಟು ನೀರು ಸಾಕು. ಅದಕ್ಕಿಂತ ಹೆಚ್ಚು ಕುಡಿಸಿದರೆ ಮೂತ್ರ ಹೆಚ್ಚುತ್ತದೆಯೇ ಹೊರತು ಮಲ ಮೆತ್ತಗಾಗುವುದಿಲ್ಲ.

ಪೂರ್ವ ಪ್ರಾಥಮಿಕ ಶಿಕ್ಷಕಿ, ತುಮಕೂರು

ಶಾಲೆಯ ಕಡೆಯ ಮಾತನ್ನು ಯಾರಾದರೂ ಹೇಳಬೇಕು. ಹೊಸದಾಗಿ ಬಂದ ಮಕ್ಕಳಲ್ಲಿ ಮನೆಯಲ್ಲಿ ಚೆನ್ನಾಗಿ ಹೇಳಿ ಹೋಗುತ್ತಿದ್ದವರೂ ಜೂನ್ ಜುಲೈನಲ್ಲಿ ಹಿಂದೆ ಸರಿಯುವುದು ಬಹಳ ಸಾಮಾನ್ಯ. ಕಾರಣಗಳು ಸರಳ: ಶೌಚಾಲಯ ಒದ್ದೆಯಾಗಿರುತ್ತದೆ, ಬಾಗಿಲು ಭಾರ, ಬೆಳಕು ಕಡಿಮೆ, ಫ್ಲಶ್ಶಿನ ಸದ್ದು ಜೋರು, ತೊಳೆಸುವ ಆಯಾ ಪರಿಚಿತರಲ್ಲ. ಮನೆಯಲ್ಲಿ ಕಕ್ಕ ಎಂದು ಹೇಳುವ ಮಗುವಿಗೆ ಇಲ್ಲಿ ಎಲ್ಲರೆದುರು ಎದ್ದು ನಿಂತು ಇಂಗ್ಲಿಷಿನಲ್ಲಿ ಅನುಮತಿ ಕೇಳಬೇಕೆಂದರೆ ಬಾಯಿಯೇ ಬರುವುದಿಲ್ಲ. ಮಗು ಮನೆಯಲ್ಲಿ ಯಾವ ಮಾತನ್ನು ಬಳಸುತ್ತದೆ ಎಂಬುದನ್ನು ಶಿಕ್ಷಕಿಗೂ ಆಯಾಗೂ ತಿಳಿಸಿ. ಕೈ ಎತ್ತಿ ತೋರಿಸುವ ಒಂದು ಸಣ್ಣ ಗುರುತನ್ನು ಮಗು, ತಾಯಿ, ಶಿಕ್ಷಕಿ ಮೂವರೂ ಸೇರಿ ಗೊತ್ತು ಮಾಡಿಕೊಳ್ಳಿ. ಒಂದು ಬಿಡುವಿನ ವೇಳೆ ನೀವೇ ಬಂದು ಅವನ ಕೈ ಹಿಡಿದು ಆ ಶೌಚಾಲಯವನ್ನು ತೋರಿಸಿ, ಫ್ಲಶ್ಶನ್ನು ಅವನ ಕೈಯಿಂದಲೇ ಒತ್ತಿಸಿ.

ಇನ್ನೊಂದು ವಿನಂತಿ. ಬದಲಿ ಬಟ್ಟೆಯನ್ನು ಎಲ್ಲರಿಗೂ ಕಾಣುವ ಪ್ಲಾಸ್ಟಿಕ್ ಚೀಲದಲ್ಲಿ ಕಳುಹಿಸಬೇಡಿ. ಮಧ್ಯಾಹ್ನ ಮಗುವನ್ನು ಕರೆದೊಯ್ಯಲು ಬಂದಾಗ ಗೇಟಿನಲ್ಲಿ ನಿಂತು ಇವತ್ತು ಮಾಡಿಕೊಂಡನಾ ಎಂದು ಅವನೆದುರು ಕೇಳಬೇಡಿ. ನಾವೂ ಹೇಳಬಾರದು, ನೀವೂ ಕೇಳಬಾರದು. ಡೈರಿಯಲ್ಲಿ ಬರೆದರೆ ಸಾಕು. ಮೂರು ವರ್ಷದ ಮಗುವಿಗೆ ಮಾನವಿದೆ, ಅದನ್ನು ನಾನು ಪ್ರತಿವರ್ಷ ಕಾಣುತ್ತೇನೆ.

ತಾಯಿ, ಮ್ಯೂನಿಕ್ (ಊರು ಹಾಸನ)

ನಮ್ಮದು ಇದಕ್ಕೆ ತದ್ವಿರುದ್ಧವಾದ ಸಮಸ್ಯೆ. ಇಲ್ಲಿ ಕಮೋಡಿಗೆ ಒಗ್ಗಿದ ಮಗಳು ರಜೆಗೆ ಊರಿಗೆ ಹೋದಾಗ ಕುಕ್ಕರಗಾಲಿನಲ್ಲಿ ಕೂರುವ ಕಕ್ಕಸು ನೋಡಿ ಹೆದರಿ, ಅಲ್ಲಿ ಇರುವಷ್ಟು ದಿನವೂ ತಡೆದು ಹಿಡಿಯುತ್ತಾಳೆ. ಅತ್ತೆಯವರು ಹೇಳುವ ಪ್ರಕಾರ ಕುಕ್ಕರಗಾಲಿನ ಭಂಗಿಯೇ ಹೊಟ್ಟೆಗೆ ಒಳ್ಳೆಯದು. ಅದು ನಿಜವಾದರೆ ಕಮೋಡಿನ ಮೇಲೆ ಏನು ಮಾಡಬೇಕು?

ಶಿಶುವೈದ್ಯೆ, ಮೈಸೂರು

ನಿಮ್ಮ ಅತ್ತೆಯವರ ಮಾತು ಸರಿ. ಕುಕ್ಕರಗಾಲಿನಲ್ಲಿ ಕೂತಾಗ ಗುದನಾಳವನ್ನು ಮುಂದಕ್ಕೆ ಎಳೆದು ಬಾಗಿಸಿ ಹಿಡಿಯುವ ಸ್ನಾಯು ಸಡಿಲಗೊಂಡು ದಾರಿ ನೇರವಾಗುತ್ತದೆ. ದೊಡ್ಡವರ ಕಮೋಡಿನ ಮೇಲೆ ಕಾಲು ಜೋತುಬಿಟ್ಟು ಕೂತ ಪುಟ್ಟ ಮಗು ಬೀಳುವ ಭಯದಿಂದ ಕೈಗಳಿಂದ ಅಂಚನ್ನು ಹಿಡಿದು, ಮೈಯೆಲ್ಲ ಬಿಗಿ ಮಾಡಿಕೊಂಡಿರುತ್ತದೆ. ಆ ಸ್ಥಿತಿಯಲ್ಲಿ ಸ್ನಾಯು ಸಡಿಲವಾಗುವುದು ಸಾಧ್ಯವಿಲ್ಲ. ಚಿಕ್ಕ ಸೀಟನ್ನು ಮೇಲೆ ಇಟ್ಟು, ಪಾದಗಳ ಕೆಳಗೆ ಅಲುಗಾಡದ ಒಂದು ಮಣೆ ಅಥವಾ ಸ್ಟೂಲ್ ಇಡಿ. ಮೊಣಕಾಲುಗಳು ಸೊಂಟಕ್ಕಿಂತ ಮೇಲೆ ಬರಬೇಕು, ಮೈ ಸ್ವಲ್ಪ ಮುಂದಕ್ಕೆ ಬಾಗಬೇಕು. ಊರಿಗೆ ಹೋಗುವಾಗ ಪುಟ್ಟ ಪಾಟಿ ಕುರ್ಚಿಯೊಂದನ್ನು ಜೊತೆಗೆ ಒಯ್ಯಿರಿ.

ಕೂರಿಸುವ ಹೊತ್ತೂ ಮುಖ್ಯ. ಹೊಟ್ಟೆಗೆ ಆಹಾರ ಬಿದ್ದ ಸ್ವಲ್ಪ ಹೊತ್ತಿನಲ್ಲಿ ದೊಡ್ಡ ಕರುಳು ತಾನಾಗಿಯೇ ಚುರುಕಾಗುತ್ತದೆ. ತಿಂಡಿಯ ನಂತರ ಮತ್ತು ರಾತ್ರಿಯ ಊಟದ ನಂತರ 5ರಿಂದ 10 ನಿಮಿಷ ಕೂರಿಸಿ, ಆಗದಿದ್ದರೆ ಎಬ್ಬಿಸಿ. ಪೀಪಿ ಊದಿಸಿ ಅಥವಾ ಸೋಪಿನ ಗುಳ್ಳೆ ಊದಿಸಿ. ಊದುವಾಗ ಹೊಟ್ಟೆಯ ಸ್ನಾಯು ತಾನಾಗಿಯೇ ಕೆಳಕ್ಕೆ ಒತ್ತುತ್ತದೆ. ಮೊಬೈಲು ಕೊಟ್ಟರೆ ಮಗು ಅರ್ಧ ಗಂಟೆ ಕೂರುತ್ತದೆ, ಆದರೆ ಬಂದ ಕೆಲಸವನ್ನು ಮರೆಯುತ್ತದೆ. ಶಾಲೆಯ ಬಸ್ಸು ಬೇಗ ಬರುವ ಮನೆಗಳಲ್ಲಿ ತಿಂಡಿ, ಸ್ನಾನ, ಸಮವಸ್ತ್ರಗಳ ಗಡಿಬಿಡಿಯಲ್ಲಿ ಈ ಹತ್ತು ನಿಮಿಷವೇ ಕಳೆದುಹೋಗುತ್ತದೆ. ಅಂಥವರು ಮಗುವನ್ನು ಅಷ್ಟು ಬೇಗ ಎಬ್ಬಿಸುವುದೇ ಉಪಾಯ.

ತಾಯಿ, ಮಂಗಳೂರು

ನಮ್ಮ ಮಗ ಮೂತ್ರಕ್ಕೆ ಕಮೋಡಿಗೆ ಹೋಗುತ್ತಾನೆ, ಮಲಕ್ಕೆ ಮಾತ್ರ ಡೈಪರ್ ಬೇಕೆಂದು ಕೇಳುತ್ತಾನೆ. ಕೊಡದಿದ್ದರೆ ಹೋಗುವುದೇ ಇಲ್ಲ. ಕೊಡಬೇಕೇ ಬೇಡವೇ?

ತಾಯಿ, ಶಿವಮೊಗ್ಗ

ಕೊಡಿ. ನಮ್ಮ ವೈದ್ಯರು ಕೊಟ್ಟ ಸಲಹೆಯೂ ಅದೇ, ಫಲ ಸಿಕ್ಕಿದ್ದೂ ಅದರಿಂದಲೇ. ಡೈಪರ್ ಕೊಡದೆ ಮಗು ತಡೆದು ಹಿಡಿದರೆ ಮಲಬದ್ಧತೆ ಬರುತ್ತದೆ, ಅದು ಡೈಪರಿಗಿಂತ ದೊಡ್ಡ ಕಷ್ಟ. ಕೇಳಿದಾಗ ಹಾಕಿ, ಆದರೆ ಸ್ಥಳವನ್ನು ಮೆಲ್ಲಗೆ ಬದಲಿಸುತ್ತಾ ಹೋಗಿ: ಮೊದಲು ಬಚ್ಚಲಿನಲ್ಲಿ ನಿಂತು ಡೈಪರಿನಲ್ಲಿ, ಅದು ರೂಢಿಯಾದ ಮೇಲೆ ಡೈಪರ್ ಹಾಕಿಕೊಂಡೇ ಕಮೋಡಿನ ಮೇಲೆ ಕೂತು, ಆಮೇಲೆ ಡೈಪರಿನ ಅಂಟುಗಳನ್ನು ಸಡಿಲಿಸಿ. ಡೈಪರಿನಲ್ಲಿ ಆದದ್ದನ್ನು ಮಗುವಿನೆದುರೇ ಕಮೋಡಿಗೆ ಹಾಕಿ, ಅದು ಹೋಗಬೇಕಾದ ಜಾಗ ಅದು ಎಂದು ಹೇಳಿ. ಒಂದು ಹಂತದಲ್ಲಿ ಮಗು ಅಳುಕಿದರೆ ಹಿಂದಿನ ಹಂತಕ್ಕೆ ಹೋಗುವುದಕ್ಕೆ ಸಂಕೋಚ ಬೇಡ. ನನ್ನ ಮಗಳು ಇದರಲ್ಲಿ ಹಲವು ಸಲ ಹಿಂದೆ ಮುಂದೆ ಹೋಗಿದ್ದಾಳೆ.

ಬಹುಮಾನದ ವಿಷಯದಲ್ಲಿ ಒಂದು ಮಾತು. ಮಲ ಮಾಡಿದ್ದಕ್ಕೆ ಚಾಕಲೇಟು ಎಂದು ಹೇಳಬೇಡಿ, ಏಕೆಂದರೆ ಅದು ಮಗುವಿನ ಕೈಯಲ್ಲಿಲ್ಲ. ಕೂತದ್ದಕ್ಕೆ ಕ್ಯಾಲೆಂಡರಿನಲ್ಲಿ ಒಂದು ಸ್ಟಿಕ್ಕರ್ ಅಂಟಿಸಲು ಬಿಡಿ, ಕೂರುವುದು ಅದರ ಕೈಯಲ್ಲಿದೆ.

ಪ್ರಶ್ನೆ ಕೇಳಿದವರು: ತಾಯಿ, ಬೆಂಗಳೂರು

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದಗಳು. ದಸರಾ ರಜೆಯಲ್ಲಿ ನಮ್ಮ ವೈದ್ಯರ ಬಳಿ ಪರೀಕ್ಷೆ ಮಾಡಿಸಿ, ಅವರು ಹೇಳಿದ ಪ್ರಮಾಣದಲ್ಲಿ ಪುಡಿಯನ್ನು ಆರಂಭಿಸಿದೆವು. ಬಿರುಕು ಇತ್ತು, ಈಗ ವಾಸಿಯಾಗಿದೆ. ಚಡ್ಡಿಗೆ ಸೋರುವುದು ಪೂರ್ತಿ ನಿಂತಿದೆ. ಅದನ್ನು ಕಂಡ ಮೇಲೆ ಮನೆಯಲ್ಲಿ ಯಾರೂ ಹಟ ಎಂಬ ಮಾತನ್ನು ಆಡುತ್ತಿಲ್ಲ, ನನಗೆ ಅದೇ ದೊಡ್ಡ ನೆಮ್ಮದಿ. ಆದರೆ ಕೂರುವುದಕ್ಕೆ ಇನ್ನೂ ಅನುಮಾನಿಸುತ್ತಾನೆ, ಮೆತ್ತಗಿದ್ದರೂ ಕೆಲವು ದಿನ ನಿಂತುಕೊಂಡೇ ಮಾಡಿಕೊಳ್ಳುತ್ತಾನೆ. ಜೊತೆಗೆ ಈಗ ರಾತ್ರಿ ಹಾಸಿಗೆ ಒದ್ದೆ ಮಾಡುವುದು ಮಾತ್ರ ಉಳಿದಿದೆ. ಇದಕ್ಕೂ ಮಲಬದ್ಧತೆಗೂ ಸಂಬಂಧವಿದೆಯೇ? ಮತ್ತು ಪುಡಿಯನ್ನು ಕಡಿಮೆ ಮಾಡುವ ಹೊತ್ತು ಬಂತೆಂದು ನಮಗೆ ತಿಳಿಯುವುದು ಹೇಗೆ?

ಶಿಶುವೈದ್ಯೆ, ಮೈಸೂರು

ತುಂಬ ಸಂತೋಷದ ಸುದ್ದಿ. ಸಂಬಂಧ ಇರಬಹುದು: ತುಂಬಿದ ಗುದನಾಳ ಪಕ್ಕದ ಮೂತ್ರಕೋಶವನ್ನು ಒತ್ತುತ್ತದೆ, ಅದರಿಂದ ಮೂತ್ರ ಸೋರುವುದು, ಸೋಂಕು ತಗಲುವುದು ಎರಡೂ ಹೆಚ್ಚುತ್ತವೆ. ಆದರೆ ಮೂರೂವರೆ ವರ್ಷಕ್ಕೆ ರಾತ್ರಿ ಒದ್ದೆಯಾಗುವುದು ಸಹಜವೇ. 5 ವರ್ಷ ತುಂಬುವವರೆಗೆ ಅದನ್ನು ನಾವು ಸಮಸ್ಯೆ ಎಂದು ಎಣಿಸುವುದಿಲ್ಲ. ಮೂತ್ರಕ್ಕೆ ಹೋಗುವಾಗ ಉರಿ ಅಥವಾ ಜ್ವರ ಇದ್ದರೆ ಮಾತ್ರ ಮೂತ್ರ ಪರೀಕ್ಷೆ ಮಾಡಿಸಿ.

ನಿಂತುಕೊಂಡು ಮಾಡುತ್ತಿದ್ದರೆ ಸದ್ಯಕ್ಕೆ ಮಾಡಲಿ. ಅವನು ತಡೆಯದೆ ಬಿಡುತ್ತಿದ್ದಾನೆ ಎಂಬುದೇ ಈ ಹಂತದ ಗೆಲುವು. ಔಷಧಿ ಇಳಿಸುವ ಬಗ್ಗೆ: ಕ್ಯಾಲೆಂಡರಿನಲ್ಲಿ ಪ್ರತಿದಿನ ಹೋದನೋ ಇಲ್ಲವೋ, ಮಲ ಉಂಡೆಯಾಗಿತ್ತೋ ಮೆತ್ತಗಿತ್ತೋ ಎಂದು ಗುರುತು ಹಾಕಿ. ಬ್ರಿಸ್ಟಲ್ ಪಟ್ಟಿಯೆಂದು ಒಂದು ಚಿತ್ರಪಟವಿದೆ, ಅದರಲ್ಲಿ ಮಲದ ಏಳು ರೂಪಗಳಿವೆ. ಮೊದಲ ಎರಡು ಮಲಬದ್ಧತೆಯವು, ನಾಲ್ಕನೆಯದರ ಆಸುಪಾಸಿನಲ್ಲಿ ಇದ್ದರೆ ಸಾಕು. ಅವನು ತಾನಾಗಿಯೇ ಹೇಳಿ ಹೋಗಿ, ಅದು ಹೀಗೆಯೇ ಕನಿಷ್ಠ ಒಂದು ತಿಂಗಳು ನಡೆದ ಮೇಲೆ ನಿಮ್ಮ ವೈದ್ಯರನ್ನು ಕೇಳಿ ಸ್ವಲ್ಪ ಸ್ವಲ್ಪವೇ ಇಳಿಸಿ. ಇಳಿಸುವಾಗ ಎರಡು ದಿನ ಹೋಗದಿದ್ದರೆ ಅಥವಾ ಮತ್ತೆ ಸೋಫಾದ ಹಿಂದೆ ನಿಲ್ಲಲು ಆರಂಭಿಸಿದರೆ ಹಿಂದಿನ ಪ್ರಮಾಣಕ್ಕೆ ಹೋಗಿ, ವಾರ ಕಾಯಬೇಡಿ. ದೊಡ್ಡ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದ ಮಕ್ಕಳಲ್ಲಿಯೂ ಆರು ತಿಂಗಳಿಂದ ಒಂದು ವರ್ಷದೊಳಗೆ ಔಷಧಿಯಿಂದ ಬಿಡುಗಡೆ ಪಡೆಯುವವರು ಸುಮಾರು ಅರ್ಧದಷ್ಟು. ಉಳಿದವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಮುಂದಿನ ಜ್ವರ, ಪ್ರಯಾಣ, ಹೊಸ ತರಗತಿ ಇವುಗಳ ಸಮಯದಲ್ಲಿ ಮರುಕಳಿಸುವುದು ಸಾಮಾನ್ಯವಾದ್ದರಿಂದ, ಪುಡಿಯ ಡಬ್ಬಿ ಮನೆಯಲ್ಲಿ ಸದಾ ಇರಲಿ, ಅವಧಿ ಮುಗಿದ ದಿನಾಂಕವನ್ನು ನೋಡಿಕೊಳ್ಳಿ.